ತಾಸಿನ ಮಳೆ ಹಿಡಿದ ಅಕ್ಕೋರು

ಮಳೆ ಬಾರದ ದಿನವೂ ಮಳೆ ಅಳೆಯುತ್ತಿದ್ದವರು ನಾನು ಕಂಡಂತೆ ಒಬ್ಬರೇ, ಹುಮನಾಬಾದಿನ ಸುಲೋಚನಾ ಅಕ್ಕೋರು. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ಮುಂದೆ ಮೊಣಕಾಲೂರಿ, ಗಾಜಿನ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲೂ ಅಷ್ಟೇ. ಒಳಗೆ ಹನಿಯೂ ಇರುತ್ತಿರಲಿಲ್ಲ. ಎದ್ದು, ಸೀರೆಯ ಮಣ್ಣು ಜಾಡಿಸಿ, ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿದ್ದರು.

ನಾನು ಅವರ ಮನೆಗೆ ಮೊದಲು ಹೋದದ್ದು ಕಂಪೌಂಡ್ ಗೋಡೆ ಕೆಡವಲು. ಗೋಡೆಗೆ ಏನೂ ಆಗಿರಲಿಲ್ಲ. ಗಾಳಿಮಳೆಯಲ್ಲಿ ಮಾಪಕಕ್ಕೆ ಬೀಳಬೇಕಾದ ಹನಿಗೆ ಅದು ಅಡ್ಡವಂತೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕರಣೆ ಹಿಡಿದವನು ನಾನು. ಗಟ್ಟಿ ಗೋಡೆ ಕೆಡವುವುದೆಂದರೆ ಹೊಟ್ಟೆ ಉರಿಯುತ್ತದೆ.

“ಬಿಸಿಲದಾಗ ಏನ್ ಅಳಿಯಾಕತ್ತೀರಿ ಅಕ್ಕೋರ?” ಎಂದು ಕೆಣಕಿದೆ.

“ಸೊನ್ನಿ ಬರಿಲಿಲ್ಲಂದ್ರ ದೊಡ್ಡ ಮಳಿ ಎಷ್ಟು ಅಪರೂಪ ಅಂತ ಹ್ಯಾಂಗ ತಿಳೀತದ ಮಿಸ್ತ್ರಿ?”

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಮಳೆ ಪುಸ್ತಕ ಶುರುಮಾಡಿದ್ದು ಅವರ ಅಪ್ಪ. ಅಪ್ಪ ದಿನದ ಮಳೆಯನ್ನಷ್ಟೇ ಬರೆದಿದ್ದರು. ಮಗಳು ಮಳೆ ಬಂದಾಗ ತಾಸುತಾಸಿಗೂ ಅಳೆದು ತಾಸಿನ ಮಳೆ ಹಿಡಿದರು. “ದಿನವಿಡೀ ಬಿದ್ದ ಮಳೀನ್ನ ನಮ್ಮ ಕರಿ ಎರಿ ನೆಲ ಕುಡೀತದ. ಅಷ್ಟೇ ಮಳಿ ಒಂದ್ ತಾಸಿನ್ಯಾಗ ಬಿದ್ರ ಹಳ್ಳ ಕುಡೀತದ,” ಎನ್ನುತ್ತಿದ್ದರು. ಒಂದು ತಾಸಿಗೆ, ಮೂರು ತಾಸಿಗೆ, ದಿನಕ್ಕೆ ಎಂದು ಬೇರೆ ಬೇರೆ ಪಟ್ಟಿ ಮಾಡಿದ್ದರು: ಎಷ್ಟು ಬಿದ್ದರೆ ಅದು ಎರಡು ವರ್ಷಕ್ಕೊಮ್ಮೆ ಬರುವಂಥ ಮಳೆ, ಎಷ್ಟಾದರೆ ಹತ್ತು ವರ್ಷದ್ದು, ಎಷ್ಟಾದರೆ ಇಪ್ಪತ್ತೈದರದ್ದು. ಸುತ್ತಲಿನ ಹಳ್ಳಗಳ ಮೇಲಿನ ಊರುಗಳಲ್ಲಿ ಹಳೆಯ ಶಿಷ್ಯರ ಅಂಗಳದಲ್ಲೆಲ್ಲ ಮಾಪಕ ಇಡಿಸಿದ್ದರು. ಮಳೆ ಜೋರಾದರೆ ಅವರು ಫೋನ್ ಮಾಡುವರು, ಅಕ್ಕೋರು ಪಟ್ಟಿ ನೋಡಿ ಕೆಳಗಿನವರಿಗೆ ಹೇಳುವರು. ಎಚ್ಚರಿಸಿದ ಮೇಲೂ ನೀರು ಬಾರದಿದ್ದರೆ ಆ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯುವರು. ತನ್ನ ತಪ್ಪಿಗೆ ತಾನೇ ಕೆಂಪು ಹಾಕಿಕೊಳ್ಳುವ ಮಾಸ್ತರಿಕೆಯನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಒಂದು ವರ್ಷ ಬಸವಕಲ್ಯಾಣದಿಂದ ಮಂಠಾಳದ ಕಡೆಗೆ ಹೋಗುವ ಒಳದಾರಿಯ ಹಳ್ಳದ ಸೇತುವೆ ಕೊಚ್ಚಿಹೋಯಿತು. ಇಪ್ಪತ್ತೈದು ವರ್ಷದ ಮಳೆ ಎಂದರು ಅಕ್ಕೋರು. ಮರುವರ್ಷ ಅದನ್ನು ಕಟ್ಟುವ ಕೆಲಸ ನನಗೇ ಸಿಕ್ಕಿತು.

“ಇನ್ನ ಇಪ್ಪತ್ನಾಲ್ಕು ವರ್ಷ ಫಿಕರ್ ಇಲ್ಲ ಬಿಡ್ರಿ,” ಎಂದೆ.

ಅಕ್ಕೋರು ಡಬ್ಬಿಯೊಂದರಲ್ಲಿ ಇಪ್ಪತ್ನಾಲ್ಕು ಜೋಳದ ಕಾಳು, ಒಂದು ಉದ್ದಿನ ಕಾಳು ಹಾಕಿ ನನ್ನ ಮುಂದೆ ಹಿಡಿದರು. “ಉದ್ದು ಅಂದ್ರ ಅಂಥಾ ದೊಡ್ಡ ಮಳಿ. ಕಣ್ಣು ಮುಚ್ಚಿ ಒಂದ್ ತಗಿ. ಇದು ಈ ವರ್ಷದ್ದು. ವಾಪಸ್ ಹಾಕಿ ಅಲ್ಲಾಡ್ಸು. ಈಗ ಬರೋ ವರ್ಷದ್ದು ತಗಿ.” ತೆಗೆಯುತ್ತಾ ಹೋದೆ. ಜೋಳ, ಜೋಳ, ಜೋಳ. ಬಹಳ ಹೊತ್ತಿಗೆ ಉದ್ದು ಬಂತು. ಅದರ ಮುಂದಿನದೂ ಉದ್ದೇ!

“ಹ್ವಾದ ವರ್ಷ ಏನ್ ಬಂದಿತ್ತಂತ ಡಬ್ಬಿಗಿ ನೆನಪಿರ್ತದೇನು?” ಎಂದರು.

ತಲೆಯಾಡಿಸಿದೆ. ಆಕಾಶವೇನು ಜೋಳದ ಡಬ್ಬಿಯೇ ಎಂದು ಒಳಗೊಳಗೇ ಅಂದುಕೊಂಡೆ.

ಕೆಲಸ ತಡವಾಗಿ ಮಳೆಗಾಲ ಹಿಡಿಯಿತು. ಒಂದು ಮಧ್ಯಾಹ್ನ ಸುಡುಬಿಸಿಲು. ಹಳ್ಳದಲ್ಲಿ ಪಾದ ನೆನೆಯುವಷ್ಟು ನೀರಿಲ್ಲ. ಏಳು ಜನ ಆಳುಗಳೊಂದಿಗೆ ಬುನಾದಿಯಲ್ಲಿದ್ದಾಗ ಫೋನ್ ಬಂತು.

“ಎಲ್ಲಿದ್ದಿ ಮಿಸ್ತ್ರಿ?”

“ಹಳ್ಳದಾಗ್ರಿ. ಕಾಂಕ್ರೀಟ್ ಹಾಕಾಕತ್ತೇವಿ.”

“ಮ್ಯಾಲಿನ ಊರಾಗ ತಾಸಿನ ಮಳಿ ಇಪ್ಪತ್ತೈದ್ ವರ್ಷದ ಗೆರಿ ದಾಟ್ಯದ. ನೆಲ ಮೊದ್ಲೇ ನೆನದದ. ಮಂದೀನ್ನ ಮ್ಯಾಲ ಹತ್ತಿಸು.”

“ಇಲ್ಲಿ ಬಿಸಿಲದ ಅಕ್ಕೋರ. ಅರ್ಧಕ್ಕ ಬಿಟ್ರ ಕಲಸಿದ ಮಾಲ್ ಪೂರಾ ಬರ್ಬಾದ್ ಆಗ್ತದ್ರಿ.”

“ಸುಳ್ಳಾದ್ರ ನನ್ನ ಬೈ. ಆದ್ರ ಮ್ಯಾಲ ನಿಂತು ಬೈ!”

ಅವರು ಕೂಗಿದ್ದನ್ನು ಕೇಳಿದ್ದು ಅದೊಂದೇ ಸಲ. ಎಲ್ಲರನ್ನೂ ಮೇಲೆ ಕರೆದೆ. “ಬಿಸಿಲಿಗಿ ಹೆದರಿ ಓಡಾಕತ್ತಾನ ನೋಡ್ರಿ ನಮ್ಮ ಮಿಸ್ತ್ರಿ,” ಎಂದಳು ಬುಟ್ಟಿ ಹೊರುವ ಶರಣಮ್ಮ. ದಂಡೆ ತುಂಬ ನಗೆ. ನಾನು ಕುದಿಯುತ್ತಾ ಬೀಡಿ ಹಚ್ಚಿದೆ. ಮೂರನೆಯ ಬೀಡಿ ಮುಗಿದಿರಲಿಲ್ಲ.

ಮೊದಲು ಬಂದದ್ದು ಸದ್ದು, ಟಿಪ್ಪರಿನಿಂದ ಕಲ್ಲು ಸುರಿದಂತೆ, ಸುರಿಯುತ್ತಲೇ ಇದ್ದಂತೆ. ಆಮೇಲೆ ತಿರುವಿನಲ್ಲಿ ಕಸಕಡ್ಡಿ, ನೊರೆ ಹೊತ್ತ ರಾಡಿ ನೀರು ಗೋಡೆಯಾಗಿ ಎದ್ದು ಬಂತು. ನಮ್ಮ ಮಿಕ್ಸರ್ ಮಗ್ಗುಲಾಗಿ, ಮೇಲೆದ್ದು, ಉರುಳಿ ಹೋಯಿತು. ತಲೆಯ ಮೇಲೆ ಬಿಸಿಲು ಹಾಗೇ ಇತ್ತು. ಶರಣಮ್ಮ ಬುಟ್ಟಿ ಬಿಟ್ಟು ನೆಲಕ್ಕೆ ಕೂತಳು. ಅಷ್ಟು ದೂರದ ಅಂಗಳದಲ್ಲಿ ಕೂತು, ಈ ನೀರನ್ನು ನಮಗಿಂತ ಮೊದಲು ಒಬ್ಬರು ಕಂಡಿದ್ದರು.

“ಬಂತ್ರಿ,” ಎಂದು ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ.

“ಮಂದಿ?”

“ಎಲ್ಲಾರೂ ಮ್ಯಾಲ ಅದಾರ್ರಿ.”

“ಪಟ್ಟಿ ಎರಡ್ ಸಲ ನೋಡ್ದೆ ಮಿಸ್ತ್ರಿ. ಒಂದ್ ಸಲಕ್ಕೇ ಫೋನ್ ಮಾಡಬೇಕಿತ್ತು.”

ಕೆಲಸ ಮುಗಿದಾಗ ಹಸಿ ಸಿಮೆಂಟಿನಲ್ಲಿ ಹೆಸರು ಕೊರೆಯುವುದು ನಮ್ಮ ಮಿಸ್ತ್ರಿಗಳ ರೂಢಿ. ಈ ಸೇತುವೆಯ ಕಂಬದಲ್ಲಿ ನಾನು ಹೆಸರು ಬರೆಯದೆ, ಅಂದು ನೀರು ಮುಟ್ಟಿದ ಮಟ್ಟಕ್ಕೊಂದು ಗೀಟು ಕೊರೆದೆ. ಅಕ್ಕೋರು ನೋಡಲು ಬಂದರು. ಆಗಲೇ ಉಸಿರಿನ ತೊಂದರೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹೊಗಳುತ್ತಾರೆಂದು ಕಾದೆ. ಅವರು ದಂಡೆಯ ಕೆಳಗಿನ ಜಾಲಿಮರ ನೋಡುತ್ತಿದ್ದರು. ಕೊಂಬೆಗಳಲ್ಲಿ ಅಂದಿನ ಕಸ ಒಣಗಿ ಜೋತಿತ್ತು.

“ನಿನ್ನ ಮಟ್ಟದ ಪೈಪು ತಾ.”

ನೀರು ತುಂಬಿದ ಪೈಪಿನ ಒಂದು ತುದಿಯನ್ನು ಮರದ ಕಸಕ್ಕೆ, ಇನ್ನೊಂದನ್ನು ಕಂಬಕ್ಕೆ ಹಿಡಿದೆವು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

“ನಿನ್ನ ಗೀಟು ಗೇಣು ಮ್ಯಾಲದ.”

“ಅಷ್ಟು ಬಂದಂಗ ಕಂಡಿತ್ರಿ.”

“ಅಂಜಿಕಿಗಿ ಹಾಂಗೇ ಕಾಣ್ತದ. ಮುಂದಿನವ್ರು ಇದನ್ನ ನೋಡಿ ಲೆಕ್ಕ ಹಾಕ್ತಾರ. ತಿದ್ದು.”

ನನ್ನ ಕೆಲಸ ತಿದ್ದು ಎಂದವರನ್ನು ನಾನು ಸಹಿಸಿದವನಲ್ಲ. ಆದರೂ ಏಣಿ ಇಟ್ಟು, ಉಳಿ ಹಿಡಿದು, ಅವರು ಕೋಲಿನಿಂದ ತೋರಿಸಿದಲ್ಲಿ ಹೊಸ ಗೀಟು ಕೊರೆದೆ, ಹಳೆಯದನ್ನು ಮುಚ್ಚಿದೆ. ಮುಗಿಯುವವರೆಗೂ ಕೆಳಗೆ ನಿಂತೇ ಇದ್ದರು.

ಮುಂದೆ ಬಂದ ಬೇಸಿಗೆಯಲ್ಲಿ ಅಕ್ಕೋರು ತೀರಿಹೋದರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಗಾಡಿ ನಿಲ್ಲಿಸಿ ಹಳ್ಳಕ್ಕಿಳಿಯುತ್ತೇನೆ. ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಗೀಟು ಎಟುಕುವುದಿಲ್ಲ. ಅಂದು ಬುನಾದಿಯಲ್ಲಿದ್ದವರಲ್ಲಿ ನಾನೇ ಎತ್ತರದವನು.