ಮರೆಮ್ಮನ ಗಾಜಿನ ನೀರು

ರಾವೂರಿನ ಮರೆಮ್ಮನಿಗೆ ಗಾಡಿ ನಡೆಸಲು ಬರುವುದಿಲ್ಲ. ಆದರೂ ವಾಡಿ, ಶಹಾಬಾದ, ಚಿತ್ತಾಪುರದ ಜೀಪ್ ಸ್ಟ್ಯಾಂಡುಗಳಲ್ಲಿ ಅವಳ ಹೆಸರು ಕೇಳದ ಡ್ರೈವರ್ ಯಾರಾದರೂ ಇದ್ದರೆ, ಅವನು ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವನೇ ಇರಬೇಕು. ಗಾಡಿಯ ಮುಂದಿನ ಗಾಜು ತೊಳೆಯುವ ನೀರನ್ನು ಅಂಗಡಿಯಿಂದ ತರುವುದನ್ನು ಅವರೆಲ್ಲ ಬಿಟ್ಟಿದ್ದಾರೆ. ಸೇಡಂ, ಚಿಂಚೋಳಿ ಕಡೆಯವರು ಹೋಗಿ ಬರುವವರ ಕೈಯಲ್ಲಿ ಖಾಲಿ ಬಾಟಲಿ ಕಳಿಸುತ್ತಾರೆ, ಮರೆಮ್ಮ ತುಂಬಿ ಕೊಡುತ್ತಾಳೆ. ಕೊಡುವಾಗ ಅವಳ ಮುಖದ ಮೇಲೆ ಒಂದು ಗತ್ತು ಬರುತ್ತದೆ. ಅದನ್ನು ಮುಚ್ಚಿಡುವುದು ಅವಳಿಗೆ ಬರುವುದಿಲ್ಲ, ಮುಚ್ಚಿಡಬೇಕಾದ ಕಾರಣವೂ ಇಲ್ಲ.

ಈ ಸೀಮೆಯ ಧೂಳಿನ ಗುಣವನ್ನು ಬೇರೆ ಊರಿನವರಿಗೆ ತಿಳಿಸಿ ಹೇಳುವುದು ಕಷ್ಟ. ಒಂದು ಕಡೆ ನೆಲಕ್ಕೆ ಹಾಸುವ ಫರ್ಸಿ ಎಂಬ ಸುಣ್ಣಕಲ್ಲಿನ ಖಣಿ, ಇನ್ನೊಂದು ಕಡೆ ಸಿಮೆಂಟ್ ಕಾರ್ಖಾನೆ, ನಡುವೆ ಕಲ್ಲು ತುಂಬಿದ ಲಾರಿಗಳು. ಗಾಜಿನ ಮೇಲೆ ಕೂತ ಬಿಳಿ ಪುಡಿಗೆ ಒಂದಿಷ್ಟು ಇಬ್ಬನಿ ತಾಗಿದರೆ ಮುಗಿಯಿತು, ಬೆಳಗಾಗುವುದರೊಳಗೆ ಗಾಜಿಗೆ ಗಿಲಾವು ಮಾಡಿದಂತೆ ಗಟ್ಟಿಯಾಗಿರುತ್ತದೆ. ಬೋರಿನ ನೀರು ಹಾಕಿ ತೊಳೆಯೋಣವೆಂದರೆ ಆ ನೀರಿನಲ್ಲೇ ಸುಣ್ಣ. ಒಂದು ಪದರ ತೆಗೆಯಲು ಹೋದವರು ಇನ್ನೊಂದು ಪದರ ಬಳಿದು ಬರುತ್ತಾರೆ. ಅಂಗಡಿಯ ನೀಲಿ ನೀರು ಕೆಸರು, ಹುಳಹುಪ್ಪಟೆಗಳನ್ನು ತೆಗೆಯುತ್ತಿತ್ತೇ ಹೊರತು ಈ ಬಿಳಿ ಕಲೆಯ ತಂಟೆಗೆ ಹೋಗುತ್ತಿರಲಿಲ್ಲ.

ಮರೆಮ್ಮನ ಗಂಡ ಚಂದ್ರಾಮ ಕ್ರೂಸರ್ ಗಾಡಿಯ ಡ್ರೈವರ್. ದಿನಾ ಬೆಳಿಗ್ಗೆ ವಾಡಿಯಲ್ಲಿ ಮಾಸ್ತರುಗಳನ್ನು ಹತ್ತಿಸಿಕೊಂಡು ರಾವೂರ, ಚಿತ್ತಾಪುರ ದಾಟಿ ಸೇಡಂ ರಸ್ತೆಯ ಹಳ್ಳಿಗಳ ಶಾಲೆಗೆ ಬಿಡುವುದು ಅವನ ಕಾಯಂ ಕೆಲಸ. ಮದುವೆಯ ದಿಬ್ಬಣವಿರಲಿ, ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವ ಹುಡುಗರಿರಲಿ, ಜನ ಅವನ ಗಾಡಿಯನ್ನೇ ಕೇಳುತ್ತಿದ್ದರು. ಸ್ಟೇರಿಂಗ್ ಹಿಡಿದ ಮೇಲೆ ಅವನಿಂದ ಒಂದು ನಾಯಿಮರಿಗೂ ಪೆಟ್ಟಾಗಿರಲಿಲ್ಲ. ಕಾಗಿಣಾ ಹೊಳೆಯ ದಂಡೆಯ ತವರಿಗೆ ಹೋದಾಗಲೆಲ್ಲ ಮರೆಮ್ಮ ಈ ಮಾತನ್ನು ಯಾರೂ ಕೇಳದಿದ್ದರೂ ಹೇಳಿ ಬರುತ್ತಿದ್ದಳು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಆ ಹೆಸರಿಗೆ ಕುತ್ತು ಬಂತು. ಚಿತ್ತಾಪುರದ ಕಡೆ ಹೋಗುವಾಗ ಸೂರ್ಯ ನೇರ ಎದುರಿಗೆ. ರಸ್ತೆ ದಾಟುತ್ತಿದ್ದ ಎಮ್ಮೆ ಚಂದ್ರಾಮನಿಗೆ ಕಂಡದ್ದು ಅದರ ಕೊಂಬು ಬಾನೆಟ್ಟಿಗೆ ತಾಗುವಷ್ಟು ಹತ್ತಿರ ಬಂದ ಮೇಲೆ. ಬ್ರೇಕು ಒತ್ತಿದ ರಭಸಕ್ಕೆ ಮಾಸ್ತರುಗಳ ಬುತ್ತಿ ಡಬ್ಬಿಗಳು ಉರುಳಿ ಗಾಡಿಯೆಲ್ಲ ಪಲ್ಯವಾಯಿತು. ಎಮ್ಮೆ ಮಾತ್ರ ಏನೂ ಆಗದಂತೆ ನಡೆದುಹೋಯಿತು.

ಎಲ್ಲರಿಗಿಂತ ಹಿರಿಯರಾದ ಜಗದೇವಪ್ಪ ಮಾಸ್ತರರು ಅಂಗಿ ಒರೆಸಿಕೊಳ್ಳುತ್ತಾ ಹೇಳಿದರು: "ಚಂದ್ರಾಮ, ಕಣ್ಣು ತೋರಿಸ್ಕೊಂಡು ಬಾ. ಇಲ್ಲಂದ್ರ ನಾವು ಬ್ಯಾರೆ ಗಾಡಿ ನೋಡ್ಕೋತೀವಿ."

"ನನ್ನ ಕಣ್ಣಿಗಿ ಏನಾಗ್ಯದ್ರಿ ಮಾಸ್ತರ? ಗಾಜು ನೋಡ್ರಿ, ಗಾಜು! ಇದರಾಗ ಯಾರಿಗಿ ಏನ್ ಕಾಣಸ್ತದ?"

ಸಂಜೆಯೊಳಗೆ ಮಾತು ಸ್ಟ್ಯಾಂಡ್ ತುಂಬ ಹರಡಿತು. ಚಂದ್ರಾಮನ ಕಣ್ಣು ಹೋಗಿವೆಯಂತೆ, ನಾಳೆಯಿಂದ ಮಾಸ್ತರುಗಳು ಬೇರೆ ಗಾಡಿ ಹತ್ತುತ್ತಾರಂತೆ. ಅವನು ಮನೆಗೆ ಬಂದು ತಾಟಿನ ಮುಂದೆ ಕೂತು ರೊಟ್ಟಿ ಮುರಿದನೇ ಹೊರತು ಬಾಯಿಗಿಡಲಿಲ್ಲ. ಮರೆಮ್ಮನಿಗೆ ಮೈಯೆಲ್ಲ ಉರಿಯಿತು. ನನ್ನ ಗಂಡನ ಕಣ್ಣಿಗೆ ಕೆಟ್ಟ ಹೆಸರಿಡುತ್ತಾರೆಯೇ? ಇವರ ಬಾಯಿ ಮುಚ್ಚಿಸದಿದ್ದರೆ ನಾನು ಮರೆಮ್ಮನೇ ಅಲ್ಲ ಎಂದುಕೊಂಡಳು. ಗಾಜು ಸ್ವಚ್ಛ ಮಾಡುವ ಕೆಲಸವನ್ನು ತಾನೇ ಕೈಗೆತ್ತಿಕೊಂಡಳು.

ಮೊದಲು ಹುಣಸೆಹಣ್ಣು. ಹಂಡೆ, ಕೊಡಗಳ ಮೇಲಿನ ಸುಣ್ಣದ ಕರೆ ಅದರಿಂದಲೇ ಹೋಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಹುಣಸೆ ಕಿವುಚಿ ಗಾಡಿಯ ನೀರಿನ ಡಬ್ಬಿಗೆ ಸುರಿದಳು. ಚಂದ್ರಾಮ ಗುಂಡಿ ಒತ್ತಿದ. ಕಂದು ಬಣ್ಣದ ನೀರು ಒಂದೆರಡು ಸಲ ಕೆಮ್ಮಿ, ಗಾಜಿನ ಮೇಲೆ ಇಳಿದು, ನಿಂತೇ ಹೋಯಿತು. ನೀರು ಚಿಮ್ಮುವ ಸಣ್ಣ ತೂತಿನಲ್ಲಿ ನಾರು ಸಿಕ್ಕಿತ್ತು. ಪಕ್ಕದ ಓಣಿಯ ಆಸಿಮನೂ ಡ್ರೈವರೇ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು ಮೂಸಿ ನೋಡಿ, "ವೈನಿ, ಸಾರು ಚಲೋ ಆಗ್ಯದ. ಒಗ್ಗರಣಿ ಹಾಕೋದು ಮರತೀರಿ," ಎಂದ.

ನಗುವವರು ನಗಲಿ ಎಂದು ಮರೆಮ್ಮ ಪಡಸಾಲೆಯ ಫರ್ಸಿ ಒರೆಸುತ್ತಾ ಕೂತಳು. ಅಲ್ಲಿ ಬೆಲ್ಲದಚ್ಚಿನಷ್ಟು ಅಗಲದ ಒಂದು ಮಬ್ಬು ಕಲೆಯಿದೆ. ಅವಳು ಹೊಸ ಸೊಸೆಯಾಗಿ ಬಂದಾಗ ನಿಂಬೆರಸ ಚೆಲ್ಲಿದ ಜಾಗ. ರಸ ಬಿದ್ದಲ್ಲಿ ಕಲ್ಲಿನ ಹೊಳಪು ಹೋಗಿ, ಅತ್ತೆ ಅವಳ ಏಳು ತಲೆಮಾರು ಎತ್ತಿ ಆಡಿದ್ದಳು. ಫರ್ಸಿ ಹಾಸಿದ ಮನೆಗಳಲ್ಲಿ ಹುಳಿಯ ಪಾತ್ರೆಯನ್ನು ಯಾರೂ ಬರಿ ನೆಲದ ಮೇಲೆ ಇಡುವುದಿಲ್ಲ. ಕಲೆಯ ಮೇಲೆ ಬಟ್ಟೆ ಆಡಿಸುತ್ತಿದ್ದ ಕೈ ನಿಂತಿತು. ಗಾಜಿನ ಮೇಲಿರುವುದೂ ಇದೇ ಕಲ್ಲಿನ ಪುಡಿ. ಹುಳಿ ಬೇಕು ನಿಜ, ಆದರೆ ನಾರಿಲ್ಲದ, ತಿಳಿಯಾದ ಹುಳಿ ಬೇಕು.

ಬಾಬುಮಿಯಾನ ಕಿರಾಣಿ ಅಂಗಡಿಯಿಂದ ಸಿರ್ಕಾ ಎನ್ನುವ ವಿನೆಗರ್ ತಂದಳು. ಬೋರಿನ ನೀರು ಬಿಟ್ಟು ಕುಡಿಯುವ ಫಿಲ್ಟರ್ ನೀರು ತುಂಬಿಕೊಂಡು ಬಂದಳು. ಹುಳಹುಪ್ಪಟೆಯ ಜಿಡ್ಡಿಗೆಂದು ಅಂಟವಾಳಕಾಯಿ ನೆನೆಹಾಕಿ, ಆ ನೀರನ್ನು ಚಂದ್ರಾಮನ ಹಳೆಯ ಧೋತರ ಮಡಿಸಿ ಸೋಸಿ, ಒಂದಿಷ್ಟೇ ಬೆರೆಸಿದಳು. ಹದ ನೋಡಲು ಅವಳಿಗೆ ಹಿತ್ತಲಲ್ಲಿ ಬಿದ್ದ ಒಡೆದ ಫರ್ಸಿಯೇ ಸಾಕಾಯಿತು. ಒಂದು ಹನಿ ಬಿಟ್ಟಾಗ ಸಣ್ಣ ಗುಳ್ಳೆ ಎದ್ದರೆ ಹುಳಿ ಹೆಚ್ಚಾಯಿತು, ಗಾಡಿಯ ಬಣ್ಣ, ವೈಪರಿನ ರಬ್ಬರು ಉಳಿಯುವುದಿಲ್ಲ, ಇನ್ನೂ ನೀರು ಬೇಕು. ಗುಳ್ಳೆ ಏಳದೆ, ಒರೆಸಿದ ಮೇಲೆ ಹೊಳಪು ತುಸುವೇ ಕುಂದಿದರೆ ಹದ ಸರಿ. ಗಟ್ಟಿಯಾದ ಹಳೆಯ ಪದರಕ್ಕೆ ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಜಿಗೆ ಹೊದಿಸಿ, ಮೆತ್ತಗಾದ ಮೇಲೆ ಒರೆಸಿದಳು. ತೂತಿನ ನಾರು ಚುಚ್ಚಿ ತೆಗೆದು, ಉಳಿದದ್ದನ್ನು ಗಾಡಿಯ ಡಬ್ಬಿಗೆ ತುಂಬಿದಳು.

ಗಾಜು ಇದೆಯೋ ಇಲ್ಲವೋ ಎನ್ನುವಂತಾಯಿತು. ಆಸಿಮ ಬೆರಳಿಟ್ಟು ಮುಟ್ಟಿ ನೋಡಿ, ಈ ಸಲ ಒಗ್ಗರಣೆಯ ಮಾತೆತ್ತದೆ, ತನ್ನ ಬಾಟಲಿ ತರಲು ಮನೆಗೆ ಓಡಿದ. ಶುಕ್ರವಾರ ಸುದ್ದಿ ಕೇಳಿದ ಮಾಸ್ತರುಗಳು ಸೋಮವಾರದಿಂದ ಮತ್ತೆ ಚಂದ್ರಾಮನ ಗಾಡಿಗೇ ಬರುತ್ತೇವೆಂದು ಹೇಳಿ ಕಳಿಸಿದರು. ಮರೆಮ್ಮ ಆ ಎರಡು ದಿನ ನೆಲದ ಮೇಲೆ ಕಾಲಿಟ್ಟು ನಡೆದದ್ದೇ ಸುಳ್ಳು.

ಭಾನುವಾರ ಬೆಳಿಗ್ಗೆ ತಾನೂ ಮುಂದೆ ಕೂತು ಗಾಜಿನ ಚಂದ ನೋಡಬೇಕೆಂದು ಹಟ ಹಿಡಿದು ಚಿತ್ತಾಪುರದ ಪೇಟೆಗೆ ಹೊರಟಳು. ಅದೇ ರಸ್ತೆ, ಅದೇ ಎದುರು ಬಿಸಿಲು. ದೂರದಲ್ಲಿ ಫರ್ಸಿ ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ಒಬ್ಬ ಮನುಷ್ಯ ಕೆಂಪು ಟವೆಲ್ ಬೀಸುತ್ತಿದ್ದ. ಚಂದ್ರಾಮನ ಕಾಲು ಬ್ರೇಕಿಗೆ ಹೋಗಲಿಲ್ಲ.

"ರೀ! ಟ್ರ್ಯಾಕ್ಟರ್!"

ಗಾಡಿ ಕಿರ್ರೆಂದು ನಿಂತಿತು. ಟವೆಲಿನವನು ಬೈದುಕೊಂಡು ಪಕ್ಕಕ್ಕೆ ಸರಿದ. ಮರೆಮ್ಮ ಗಾಜಿನ ಕಡೆ ನೋಡಿದಳು. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮಾಸ್ತರರ ಮಾತು ಸುಳ್ಳು ಮಾಡಲೆಂದು ತಯಾರಿಸಿದ ನೀರು ಅದನ್ನೇ ನಿಜ ಮಾಡಿತ್ತು. ಈಗ ಸುಮ್ಮನಿದ್ದರೆ ಗಂಡನ ಹೆಸರೂ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ನಾಳೆ ಮಾತ್ರ ಗಾಡಿ ತುಂಬ ಜನ ಇರುತ್ತಾರೆ.

"ಬಿಸಲು ಕಣ್ಣಿಗಿ ಹೊಡ್ಯಾಕತ್ತದ," ಎಂದ ಚಂದ್ರಾಮ.

"ನನ್ನ ಕಣ್ಣಿಗೂ ಹೊಡ್ಯಾಕತ್ತದ್ರಿ. ಆದ್ರ ಅವನ ಅಂಗಿ ಗುಂಡಿ ಸೈತ ನನಗ ಕಾಣಾಕತ್ಯಾವ." ಅವಳು ಗಾಜಿಗೆ ಬೆರಳಿಟ್ಟಳು. "ಗಾಜಿನ್ಯಾಗ ಏನೂ ಇಲ್ರಿ. ಮಾಸ್ತರು ಖರೇನೇ ಹೇಳ್ಯಾರ."

ಅವನು ಗಾಡಿಯನ್ನು ರಸ್ತೆಯ ಬದಿಗೆ ಒಯ್ದು ಚಾವಿ ತಿರುಗಿಸಿ ಎಂಜಿನ್ ಆರಿಸಿ ಆಸಿಮನಿಗೆ ಫೋನ್ ಹಚ್ಚಿದ. ಆಸಿಮ ಬರುವ ತನಕ ಇಬ್ಬರೂ ತೊಗರಿ ಹೊಲದ ಬದುವಿನ ಮೇಲೆ ಕೂತಿದ್ದರು.

ಸೋಮವಾರ ವಾಡಿ ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಗಾಜಿನ ಸುತ್ತ ನೆರೆದರು. ತುಂಬಿಕೊಡುತ್ತೇನೆಂದು ಒಪ್ಪಿಕೊಂಡಿದ್ದ ಬಾಟಲಿಗಳನ್ನು ಕೊಡಲು ಮರೆಮ್ಮನೂ ಬಂದಿದ್ದಳು. ಜಗದೇವಪ್ಪ ಮಾಸ್ತರರು ಗಾಜು ನೋಡಿ ತಲೆದೂಗಿದರು.

"ನಂದೇ ತಪ್ಪಾಯ್ತು ಬಿಡು ಚಂದ್ರಾಮ. ಗಾಜಿಂದೇ ಇತ್ತು. ಸುಮ್ಮನ ನಿನ್ನ ಕಣ್ಣಿಗಿ ಅಂದೆ."

ಮರೆಮ್ಮ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ್ದರೆ ಸಾಕಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಇಲ್ರಿ ಮಾಸ್ತರ," ಎಂದ ಚಂದ್ರಾಮ, ಎಲ್ಲರಿಗೂ ಕೇಳುವಂತೆ. "ಗಾಜು ಸಾಫ ಆದ ಮ್ಯಾಲೂ ನನಗ ಟ್ರ್ಯಾಕ್ಟರ್ ಕಾಣಲಿಲ್ಲ. ನನ್ನ ಕಣ್ಣಿಂದೇ ಅದ. ಡಾಕ್ಟ್ರು ಹೂಂ ಅನ್ನೋತನಕ ನಾ ಗಾಡಿ ಮುಟ್ಟಂಗಿಲ್ಲ. ಇವತ್ತಿಂದ ಆಸಿಮ ನಡಸ್ತಾನ, ಕುಂದ್ರಿ." ಚಾವಿಯನ್ನು ಆಸಿಮನ ಕೈಯಲ್ಲಿಟ್ಟ.

ಯಾರೂ ನಗಲಿಲ್ಲ. ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು. ಒಂದು ಗೀರೂ ಬೀಳದಂತೆ ಗಾಡಿ ನಡೆಸಿದ್ದನ್ನೇ ಮರೆಮ್ಮ ಇಷ್ಟು ವರ್ಷ ತವರಿನಲ್ಲಿ ಹೇಳಿಕೊಂಡು ಬಂದಿದ್ದಳು. ಅಷ್ಟು ಜನರ ನಡುವೆ ಚಾವಿ ಬಿಟ್ಟುಕೊಟ್ಟದ್ದು ಅದಕ್ಕಿಂತ ದೊಡ್ಡದೆಂದು ಅವಳಿಗೆ ಅನಿಸಿತು.

ಕಣ್ಣಿನಲ್ಲಿ ಪೊರೆ ಬಂದಿತ್ತು. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು. ಬೇಸಿಗೆ ಕಳೆಯುವ ಹೊತ್ತಿಗೆ ಡಾಕ್ಟರು ಇನ್ನು ಗಾಡಿ ನಡೆಸಬಹುದು ಎಂದರು. ಮರುದಿನ ಬೆಳಿಗ್ಗೆ ಮರೆಮ್ಮ ಎಲ್ಲರಿಗಿಂತ ಮೊದಲೆದ್ದು ಗಾಜು ತೊಳೆದಿಟ್ಟಳು. ಚಂದ್ರಾಮ ಬಂದು ಸೀಟಿನಲ್ಲಿ ಕೂತ. ಚಾವಿ ತಿರುಗಿಸದೆ ಗಾಜನ್ನೇ ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತು.

"ಏ, ಇಲ್ಲಿ ಬಾ. ಇದೇನಾ ಊರೆಲ್ಲಾ ಹೊಗಳೋ ನಿನ್ನ ನೀರು? ಈ ಮೂಲಿಗಿ ಗೆರಿ ಹಂಗೇ ಉಳದದ ನೋಡು."

ಮರೆಮ್ಮ ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ ಮೇಲೆ ಕಂಡಿತು, ಕೂದಲೆಳೆಯಂಥ ಒಂದು ಬಿಳಿ ಗೆರೆ. ಅವಳ ನೀರಿನಲ್ಲಿ ಆ ತನಕ ಯಾರೂ ಕುಂದು ಹುಡುಕಿರಲಿಲ್ಲ. ಅವಳಿಗೆ ಅಷ್ಟು ಹಿಗ್ಗು ಎಂದೂ ಆಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಬಟ್ಟೆ ತೆಗೆದುಕೊಂಡು, ಓಣಿಯವರೆಲ್ಲ ಕೇಳಲೆಂದೇ ದೊಡ್ಡ ದನಿಯಲ್ಲಿ ಕೂಗಿದಳು:

"ಹೇಳ್ರಿ, ಇನ್ನೂ ಎಲ್ಲೆಲ್ಲಿ ಕಾಣಾಕತ್ತದ, ಎಲ್ಲಾ ಹೇಳ್ರಿ!"