ಹದಿಮೂರು ಮೇಜುಗಳ ಸಂವಿಧಾನ

ಜೂನ್ ೨೧, ಶನಿವಾರ, ಮಧ್ಯಾಹ್ನ ೩.೧೦. ನನ್ನ ನೋಟ್‌ಬುಕ್ಕಿನ ಆ ಪುಟದ ಮೊದಲ ಸಾಲು: ಹಾಜರು ೧೩, ಫ್ಯಾನು ೨, ತಿರುಗುತ್ತಿರುವುದು ೧.

ಜಾಗ, ಭಾಗ್ಯನಗರದ ವೆಲ್ಡಿಂಗ್ ಅಂಗಡಿಯ ಮೇಲಿನ ನಮ್ಮ ಓದುವ ಕೋಣೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹದಿಮೂರು ಮಂದಿ, ಹದಿಮೂರು ಮೇಜು. ಮೇಜು ಸಿಗದೆ ಮೆಟ್ಟಿಲ ಮೇಲೆ ಕೂತು ಓದುವವರು ಬೇರೆ. ಮೇಜಿಗಾಗಿ ಮೇ ತಿಂಗಳೊಂದರಲ್ಲೇ ಏಳು ಜಗಳ ಆಗಿದ್ದವು. ಕೊನೆಗೆ ನಮ್ಮಲ್ಲಿ ಹಿರಿಯರಾದ ಗಂಗಾವತಿಯ ಅಣ್ಣ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ತಂದರು.

ಅಣ್ಣ ಆಗ ಅಮೆರಿಕದ ಸಂವಿಧಾನದ ಚರಿತ್ರೆ ಓದುತ್ತಿದ್ದರು. ಅದನ್ನು ಬರೆದ ಕಾಲಕ್ಕೆ ಅಲ್ಲಿಯೂ ರಾಜ್ಯಗಳು ಹದಿಮೂರೇ. ಒಂಬತ್ತು ಒಪ್ಪಿದರೆ ಸಂವಿಧಾನ ಜಾರಿ. ನಾವೂ ಹಾಗೇ ಮಾಡೋಣ ಎಂದರು. ೧೭೮೮ರಲ್ಲಿ ಒಂಬತ್ತನೆಯ ರಾಜ್ಯ ಒಪ್ಪಿದ್ದು ಜೂನ್ ೨೧ರಂದು. ಅಣ್ಣ ಬೇಕೆಂದೇ ಅದೇ ದಿನ ಸಭೆ ಕರೆದಿದ್ದರು. ಅದು ತಿಳಿದಾಗ ಖುಷಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ತಕರಾರು ಬಂದದ್ದು ಮೂರನೆಯ ನಿಯಮಕ್ಕೆ: ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಬಾರದವರ ಮೇಜು ಆ ದಿನ ಮೆಟ್ಟಿಲಲ್ಲಿ ಕಾದವರಿಗೆ. ನಮ್ಮಲ್ಲೊಬ್ಬ ಹುಡುಗಿ ತಾವರಗೇರಾದವಳು. ಕುಷ್ಟಗಿಯಲ್ಲಿ ಬಸ್ ಬದಲಿಸಿ ಅವಳು ಬಂದು ಮುಟ್ಟುವುದು ಹತ್ತು ಗಂಟೆ ಐದು ನಿಮಿಷಕ್ಕೆ. ಹದಿನೆಂಟು ದಿನಗಳ ನನ್ನ ಸರಾಸರಿ ಇದು. ನಿಯಮ ಜಾರಿಯಾದರೆ ಅವಳಿಗೆ ಒಂದು ದಿನವೂ ಮೇಜಿಲ್ಲ. ಪರೀಕ್ಷೆಗೆ ಐವತ್ತು ದಿನ ಉಳಿದಿತ್ತು.

ಈಗ ಒಪ್ಪಿ, ಆಮೇಲೆ ತಿದ್ದೋಣ ಎಂದರು ಅಣ್ಣ. ಮೊದಲು ತಿದ್ದಿ, ಆಮೇಲೆ ಒಪ್ಪೋಣ ಎಂದಳು ಅವಳು. ಅಮೆರಿಕದಲ್ಲೂ ಇದೇ ವಾದ ನಡೆದಿತ್ತು, ಜನರ ಹಕ್ಕುಗಳನ್ನು ಮೊದಲೇ ಬರೆಯಿರಿ ಎಂದು ಎಷ್ಟೋ ಮಂದಿ ಹಟ ಹಿಡಿದಿದ್ದರು ಎಂದು ಅಣ್ಣನೇ ಹೇಳಿ ಸಿಕ್ಕಿಬಿದ್ದರು. ಕೋಣೆಯೆಲ್ಲ ನಗು. ನನ್ನ ಪೆನ್ನು ನಿಲ್ಲಲೇ ಇಲ್ಲ. ಪಕ್ಕದಲ್ಲಿದ್ದ ಕೊಪ್ಪಳದ ಹುಡುಗ ಕೆಣಕಿದ.

“ನಾ ಎಷ್ಟ್ ಸಲ ಸೀನೀನಿ ಅನ್ನೂದೂ ಬರಕೊಂಡಿಯೇನವಾ?”

“ನಾಕು,” ಎಂದೆ.

ಮತಕ್ಕೆ ಕೈ ಎತ್ತಿದರು. ನನ್ನೂರು ಯಲಬುರ್ಗಾ, ಆದರೆ ನನ್ನ ಬಾಡಿಗೆ ಕೋಣೆ ಎರಡು ಓಣಿಯಾಚೆ. ನಿಯಮದಿಂದ ನನಗೇನೂ ನಷ್ಟವಿಲ್ಲ. ಒಂಬತ್ತನೆಯ ಕೈ ನನ್ನದೇ. ೯-೪ ಎಂದು ಬರೆದು ಸುತ್ತ ಗೆರೆ ಎಳೆದೆ. ತಲೆ ಎತ್ತಿದರೆ ತಾವರಗೇರಾದ ಹುಡುಗಿ ಅಣ್ಣನ ಪುಸ್ತಕದ ಹಾಳೆ ತಿರುವುತ್ತಿದ್ದಳು. ಹಿಂದಿನ ವಾರ ಅದನ್ನು ಅವರಿಂದಲೇ ಕೇಳಿ ಒಯ್ದಿದ್ದಳು.

“ಅಣ್ಣಾರ, ಇದರ ಕಡೀ ವಿಧಿ ಓದೀರೇನ್ರಿ? ಒಂಬತ್ತು ರಾಜ್ಯ ಒಪ್ಪಿದ್ರ ಸಂವಿಧಾನ ಆ ಒಪ್ಪಿದವ್ರಿಗಷ್ಟ ಅಂತ ಐತಿ. ಉಳದವ್ರು ಹೊರಗ. ನನ್ನ ಮೇಜು ಈಗ ಹೊರಗಿನ ರಾಜ್ಯ ಆತ್ರಿ.”

ಅಣ್ಣ ಪುಸ್ತಕ ತೆಗೆದುಕೊಂಡು ಎರಡು ಸಲ ಓದಿದರು. ಹುಡುಗಿ ಹೇಳಿದ್ದು ನಿಜವಿತ್ತು.

“ನನ್ನ ಪುಸ್ತಕದಾಗ ನನಗ ಕಾಣದ್ದು ನಿನಗ ಹೆಂಗ್ ಕಂಡ್ತವಾ?”

“ದಿನಾ ಬಸ್ಸಿನ್ಯಾಗ ಕುಂತಿರ್ತೀನ್ರಿ. ಓದೂದು ಬಿಟ್ಟು ಮತ್ತೇನ್ ಮಾಡ್ಲಿ?”

ವಾದ ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ. ವೆಲ್ಡಿಂಗ್ ಅಂಗಡಿಯವರು ಮೇಲೆ ಬಂದು ಇಣುಕಿ ಹೋದರು. ತಿದ್ದುಪಡಿ ಮಾಡುತ್ತೇವೆಂದು ಅಣ್ಣ ಮಾತು ಕೊಟ್ಟರು. ಮಾತು ಬೇಡ, ಇವತ್ತೇ ಬರೆಯಿರಿ ಎಂದಳು ಅವಳು. ನನ್ನ ಪೆನ್ನನ್ನೇ ಕೊಟ್ಟೆ. ಬಸ್ಸಿನಲ್ಲಿ ಬರುವವರ ಮೇಜನ್ನು ಹತ್ತೂವರೆಯವರೆಗೆ ಯಾರೂ ಮುಟ್ಟಬಾರದು ಎಂದು ಅಣ್ಣ ಬರೆದರು. ೪.೨೫ಕ್ಕೆ ಮತ್ತೆ ಮತ: ೧೨-೧.

ಆ ಒಂದು ಮತ ಕೊಪ್ಪಳದ ಹುಡುಗನದು. ಅವನ ತಮ್ಮ ಮೆಟ್ಟಿಲಲ್ಲಿ ಕಾಯುತ್ತಿದ್ದ. ಖಾಲಿಯಾಗುವ ಮೇಜಿನ ಮೇಲೆ ತಮ್ಮನಿಗಾಗಿ ಇವನ ಕಣ್ಣಿತ್ತು. ಇವನೀಗ ಅದೇ ಕೊನೆಯ ವಿಧಿ ತೋರಿಸಿ, ತಾನು ಹೊರಗಿನವನು ಎನ್ನುತ್ತಾನೆ. ಎಲ್ಲರಿಗಿಂತ ಕೊನೆಗೆ ಒಪ್ಪಿದ ರಾಜ್ಯದ ಹೆಸರಿನಲ್ಲಿ ನಾವು ಇವನ ಮೇಜನ್ನು ರೋಡ್ ಐಲ್ಯಾಂಡ್ ಎಂದು ಕರೆಯುತ್ತೇವೆ.

ಸೋಮವಾರ ತಾವರಗೇರಾದ ಹುಡುಗಿ ಬಂದದ್ದು ೧೦.೦೭ಕ್ಕೆ. ಮೇಜು ಖಾಲಿ ಇತ್ತು. ಚೀಲ ಇಟ್ಟು ನನ್ನ ಕಡೆ ನೋಡಿ, “ಬರಕೋ,” ಎಂದಳು.

ರೋಡ್ ಐಲ್ಯಾಂಡ್ ೧೭೯೦ರಲ್ಲಿ ಒಪ್ಪಿದ್ದು ೩೪-೩೨ರಿಂದ, ಬರೀ ಎರಡು ಮತಗಳ ಅಂತರ. ಅಲ್ಲಿಯ ಹಟಮಾರಿಗಳ ಮನಸ್ಸನ್ನು ತಿರುಗಿಸಿದ ಮಾತು ಯಾವುದೆಂದು ನಮ್ಮ ಪುಸ್ತಕದಲ್ಲಿಲ್ಲ. ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಕೊಪ್ಪಳದ ಹುಡುಗನಿಗೆ ಹೇಳಬೇಕಾಗಿದೆ.