ತೊಟ್ಟಿಲ ಕೌದಿ ಮತ್ತು ನನ್ನ ಬಾಯಿ

ಹತ್ತನೇ ತರಗತಿ ಪಾಸಾದಾಗ ನನಗೆ ಮೂವತ್ತೊಂದು ವರ್ಷ. ಆ ಸರ್ಟಿಫಿಕೇಟಿನ ಮೇಲೆ ಹುಮನಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತು. ಮನೆ ಬಸವಕಲ್ಯಾಣದಲ್ಲಿ, ಕಿಲ್ಲಾದ ಕಡೆಗಿನ ಓಣಿಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಕಚೇರಿಯಲ್ಲಿ ನನ್ನ ಜಾಗ ಸಾಹೇಬರ ಕೋಣೆಯ ಹೊರಗಿನ ಬೆಂಚು. ಗಂಟೆ ಬಾರಿಸಿದರೆ ಎದ್ದು ಒಳಗೆ ಹೋಗಬೇಕು, ಬಾರಿಸದಿದ್ದರೆ ಕೂತಿರಬೇಕು. ನಮ್ಮ ಸಾಹೇಬರು ಮಿತಭಾಷಿ, ಗಂಟೆಯನ್ನೂ ಕಡಿಮೆಯೇ ಬಾರಿಸುತ್ತಿದ್ದರು. ಆ ಕೂತಿರುವ ಹೊತ್ತಿನಲ್ಲಿ ನನಗೆ ಗುಟಕಾ ಅಂಟಿಕೊಂಡಿತು.

ನಾಲ್ಕೈದು ವರ್ಷ ಏನೂ ಆಗಲಿಲ್ಲ. ಆಮೇಲೆ ಊಟದಲ್ಲಿ ಖಾರ ತಾಗಿದರೆ ಬಾಯೆಲ್ಲ ಉರಿಯತೊಡಗಿತು. ರೊಟ್ಟಿ ಮಡಚಿ ಪಲ್ಯ ಹಿಡಿದು ಬಾಯಿಗೆ ಇಡಲು ಹೋದರೆ ಬಾಯಿ ಅಷ್ಟು ತೆರೆಯುತ್ತಿರಲಿಲ್ಲ. ಸಣ್ಣ ಸಣ್ಣ ಚೂರು ಮಾಡಿ ತಿನ್ನುತ್ತಿದ್ದೆ. ನಾನೇ ಅದನ್ನು ಗಮನಿಸಿರಲಿಲ್ಲ, ಹೆಂಡತಿ ಗಮನಿಸಿದ್ದಳು. ದವಾಖಾನೆಗೆ ಕರೆದುಕೊಂಡು ಹೋದವಳೂ ಅವಳೇ.

ಡಾಕ್ಟರರು ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಬಾಯಿಗೆ ಇಟ್ಟುಕೊಳ್ಳಲು ಹೇಳಿದರು. ಸರಿಯಾಗಿರುವ ಬಾಯಿಗೆ ಮೂರೂ ಹೋಗುತ್ತವಂತೆ. ನನಗೆ ಎರಡು ಹೋದವು, ಅವೂ ಕಷ್ಟಪಟ್ಟು.

‘ಇವತ್ತು ಬಿಟ್ರಿ ಅಂದ್ರ ಇದು ಇಷ್ಟಕ್ಕ ನಿಲ್ತದ’ ಎಂದರು. ‘ಬಿಡಲಿಲ್ಲ ಅಂದ್ರ ಮುಂದ ಚಮಚಾನೂ ಹೋಗಂಗಿಲ್ಲ. ಅದರ ಮುಂದಿಂದು ನಾ ನಿಮ್ಮ ಹೆಂಡ್ತಿ ಮುಂದ ಹೇಳಂಗಿಲ್ಲ.’

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಕೈ ಖಾಲಿ ಇದ್ದರೆ ಅದು ಕಿಸೆಗೇ ಹೋಗುತ್ತದೆ, ಅದಕ್ಕೆ ಏನಾದರೂ ಕೆಲಸ ಕೊಡಿ ಎಂದು. ಬಸ್ಸಿನಲ್ಲೂ ಬೆಂಚಿನ ಮೇಲೂ ಮಾಡಲು ಬರುವ ಕೆಲಸ ಯಾವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಓದೋಣವೆಂದರೆ ಬಸ್ಸಿನಲ್ಲಿ ತಲೆ ಸುತ್ತುತ್ತಿತ್ತು. ಓದುವುದನ್ನು ನಾನು ತಡವಾಗಿ ಕಲಿತವನು, ಕುಲುಕುವ ಅಕ್ಷರ ಹಿಡಿಯುವುದು ನನ್ನಿಂದ ಆಗದು.

ನಮ್ಮ ಕಚೇರಿಯ ಟೈಪಿಸ್ಟ್ ಮೇಡಮ್ ಊಟದ ಬಿಡುವಿನಲ್ಲಿ ಉಲ್ಲನ್ ಹೆಣೆಯುತ್ತಿದ್ದರು. ಇಷ್ಟು ಬಿಸಿಲಿನ ಊರಲ್ಲಿ ಸ್ವೆಟರ್ ಯಾರಿಗೆ ಎಂದು ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ. ತಮ್ಮ ಫೌಜಿನಲ್ಲಿದ್ದಾನೆ, ಮೇಲೆ ಎಲ್ಲೋ ಹಿಮದಲ್ಲಿ ಎಂದರು. ನನ್ನ ವಿಷಯ ಹೇಳಿದಾಗ ಅವರು ನಗಲಿಲ್ಲ. ಎರಡು ಕಡ್ಡಿ, ಒಂದು ಉಂಡೆ ಕಂದು ಉಲ್ಲನ್ ಕೊಟ್ಟು, ಕಡ್ಡಿಯ ಮೇಲೆ ದಾರದ ಕುಣಿಕೆ, ಅಂದರೆ ಮನೆ, ಹಾಕುವುದು, ಎತ್ತುವುದು ಎಲ್ಲ ಹೇಳಿಕೊಟ್ಟರು.

ಬೆರಳಿಗೆ ಕೆಲಸವೇನೋ ಸಿಕ್ಕಿತು. ಆದರೆ ಗಂಟೆ ಬಾರಿಸಿದಾಗ ಗಡಬಡಿಸಿ ಎದ್ದರೆ ಕಡ್ಡಿಯಿಂದ ಮನೆಗಳು ಜಾರಿ ಬೀಳುತ್ತಿದ್ದವು, ಬಂದು ನೋಡಿದರೆ ಎಣಿಕೆ ಮರೆತಿರುತ್ತಿತ್ತು. ಬಸ್ಸಿನಲ್ಲಂತೂ ಇನ್ನೂ ಕಷ್ಟ. ಒಂದು ದಿನ ಪಕ್ಕದಲ್ಲಿ ಕೂತ ಹಿರಿಯರೊಬ್ಬರ ಪಕ್ಕೆಗೆ ಕಡ್ಡಿ ಚುಚ್ಚಿತು. ಅವರು ಎದ್ದು ನಿಂತು, ‘ದವಾಖಾನಿ ಬಸ್ಸೇನ್ರೀ ಇದು? ಟಿಕೇಟಿನ ಕೂಡ ಸೂಜೀನೂ ಹಾಕ್ತೀರೇನು?’ ಎಂದರು. ಬಸ್ಸೆಲ್ಲ ನಕ್ಕಿತು. ಹೆಣೆಯುತ್ತಿದ್ದ ಮಫ್ಲರು ಎರಡು ಗೇಣು ಆಗುವಷ್ಟರಲ್ಲಿ ನಾನು ಕಡ್ಡಿ ವಾಪಸ್ ಕೊಟ್ಟೆ.

ಆಮೇಲೆ ಪಕ್ಕದ ಓಣಿಯಲ್ಲಿ ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸಿನ ಹತ್ತಿರ ಹೋದೆ. ಖಾಲಾ ಕ್ರೋಶಾ ಕಡ್ಡಿಯಿಂದ ನಮಾಜಿನ ಟೋಪಿ, ಮೇಜಿನ ಮೇಲೆ ಹಾಸುವ ಬಟ್ಟೆ ಹೆಣೆಯುತ್ತಿದ್ದಳು. ಆ ಕಡ್ಡಿ ಒಂದೇ, ಗೇಣುದ್ದ, ತುದಿಗೆ ಕೊಕ್ಕೆ. ಕಿಸೆಯಲ್ಲಿ ಕೂರುತ್ತದೆ, ಯಾರಿಗೂ ಚುಚ್ಚುವುದಿಲ್ಲ, ಗಂಟೆ ಬಾರಿಸಿದರೆ ಹಾಗೇ ಇಟ್ಟು ಎದ್ದರೂ ಒಂದೇ ಮನೆ ಬಿಚ್ಚುತ್ತದೆ. ನನಗೆ ಇದೇ ಸರಿ ಎನಿಸಿತು. ಗುಂಡಗೆ ಚಪ್ಪಟೆಯಾದ ಒಂದು ತುಂಡು ಹೆಣೆದು ತಾ ಎಂದಳು ಖಾಲಾ. ಒಂದು ವಾರ ಕೂತು ಹೆಣೆದೆ. ಅದು ಚಪ್ಪಟೆಯಾಗದೆ ಅಂಚು ಮೇಲೆದ್ದು ನಿಂತಿತು. ಖಾಲಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಲ್ಲ ಕಡೆ ತಿರುಗಿಸಿದಳು.

‘ಥಾಲಿ ಆಗೋದು ಕಟೋರಾ ಆಗ್ಯದಲ್ಲೋ ಬೇಟಾ. ಹಿಂಗೇ ಇನ್ನ ನಾಕು ಸುತ್ತು ಹಾಕು, ಟೋಪಿ ಆಗ್ತದ. ತಲಿ ಮ್ಯಾಲಿಟ್ಟಕೊಂಡು ಆಫೀಸಿಗಿ ಹೋಗು.’

ಪ್ರತಿ ಸುತ್ತಿಗೂ ಮನೆ ಹೆಚ್ಚಿಸುತ್ತ ಹೋಗಬೇಕು ಎಂದು ತೋರಿಸಿಕೊಟ್ಟಳು. ಆಮೇಲಿನದು ಚಪ್ಪಟೆಯಾಗಿಯೇ ಬಂತು. ಕೈಯಂತೂ ಕಲಿಯಿತು. ಆದರೆ ನಾನು ಯಾರಿಗೂ ಹೇಳದ ಒಂದು ವಿಷಯವಿತ್ತು. ಹೆಣೆಯುವಾಗಲೂ ನನ್ನ ಬಾಯಲ್ಲಿ ಗುಟಕಾ ಇರುತ್ತಿತ್ತು. ಬೆಂಚಿನ ಮೇಲೆ ಒಬ್ಬನೇ ಕೂತಿರುತ್ತಿದ್ದೆ, ಮಾತಾಡಿಸುವವರಿಲ್ಲ. ಒಂದು ಸಾಲು ಮುಗಿದರೆ ಒಂದು ಚಿಟಿಕೆ. ಕೆಲಸ ಮಾಡಿದ್ದಕ್ಕೆ ನನಗೆ ನಾನೇ ಕೊಟ್ಟುಕೊಳ್ಳುವ ಬಕ್ಷೀಸು ಎಂದುಕೊಂಡಿದ್ದೆ. ಮನೆಯಲ್ಲಿ ಬಿಟ್ಟಿದ್ದೇನೆ ಎಂದೇ ಹೇಳಿದ್ದೆ.

ಹೆಂಡತಿ ಅಂಗಿ ಒಗೆಯುವಾಗ ಕಿಸೆಯಲ್ಲಿ ಸಿಕ್ಕ ಗುಟಕಾದ ಹರಿದ ಪೊಟ್ಟಣವನ್ನು, ನಮ್ಮ ಕಡೆ ಪುಡಿ ಎನ್ನುವುದನ್ನು, ನನ್ನ ಮುಂದಿಟ್ಟಳು. ಜಗಳ ಮಾಡಲಿಲ್ಲ.

‘ಮೂರು ತಿಂಗಳಿಂದ ಸೂಜಿ ಬದಲ್ಸಾಕತ್ತೀರಿ. ಪುಡಿ ಮಾತ್ರ ಅದೇ ಅದ.’

ಅಷ್ಟೇ ಹೇಳಿ ಅಂಗಿ ಒಣಹಾಕಲು ಹೋದಳು.

ಅದೇ ಬೇಸಿಗೆಯಲ್ಲಿ ನನ್ನ ತಂಗಿ ಚೊಚ್ಚಲ ಬಾಣಂತನಕ್ಕೆ ಹುಲಸೂರಿನಿಂದ ಬಂದಳು. ನಮ್ಮ ಅವ್ವ ಮೊದಲೇ ತೀರಿಕೊಂಡಿದ್ದಳು. ಅವ್ವನ ಜಾಗದಲ್ಲಿ ನಿಂತು ಎಲ್ಲ ನೋಡಿಕೊಳ್ಳುತ್ತಿದ್ದವಳು ನಮ್ಮ ಕಾಕು, ಅಪ್ಪನ ತಮ್ಮನ ಹೆಂಡತಿ. ಹುಟ್ಟುವ ಕೂಸಿಗೆ ತವರಿನಿಂದ ತೊಟ್ಟಿಲ ಕೌದಿ ಆಗಬೇಕು ಎಂದು ಕಾಕು ಹಳೆಯ ಟ್ರಂಕು ತೆಗೆದಳು. ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಧೋತರ. ತೊಟ್ಟಿಲ ಕೌದಿಗೆ ನಮ್ಮಲ್ಲಿ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು, ಒಗೆದು, ಮೆತ್ತಗಾದ ಬಟ್ಟೆಯೇ ಆಗಬೇಕು. ಸೀರೆಗಳನ್ನು ಚೌಕ ಚೌಕ ಕತ್ತರಿಸಿ ಜೋಡಿಸಿ ಮೇಲ್ಮೈ ಮಾಡಿ, ನಡುವೆ ಪದರು ಹಾಕಿ, ಕೂಸಿನ ಮೈಗೆ ತಾಗುವ ಕಡೆ ಬಿಳಿ ಧೋತರ ಇಟ್ಟು, ಎಲ್ಲ ಸೇರಿಸಿ ಒತ್ತೊತ್ತಾಗಿ ಟಾಕಾ ಹಾಕುತ್ತ ಹೋಗುವುದು.

ಪಡಸಾಲೆಯಲ್ಲಿ ಕೌದಿ ಹಾಸಿ ನಾಲ್ಕೂ ಕಡೆ ಹೆಂಗಸರು ಕೂತಿದ್ದರು. ರವಿವಾರ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾನೂ ಹಾಕಲೇ ಎಂದು ಕೇಳಿದೆ. ಎದುರು ಮನೆಯಾಕೆ ಸೂಜಿ ನಿಲ್ಲಿಸಿದಳು.

‘ಹಂಗಾರ ನಾವು ಹೋಗಿ ಸಾಹೇಬ್ರ ಬಾಗ್ಲಾಗ ಕೂಡ್ತೀವಿ ಬಿಡ್ರಿ’ ಎಂದಳು.

ಎಲ್ಲರೂ ನಕ್ಕರು. ಸೋದರಮಾವ ಆಗುವವನು, ಒಂದು ಮೂಲೆ ಹೊಲಿಯಲಿ ಎಂದು ಕಾಕು ಜಾಗ ಬಿಟ್ಟುಕೊಟ್ಟಳು. ಬೆರಳಿಗೆ ಹಿತ್ತಾಳೆಯ ಅಂಗುಸ್ತಾನ ಹಾಕಿ, ಸೂಜಿ ಹಿಂದಿನಿಂದ ಹೇಗೆ ದೂಡಬೇಕು ಎಂದು ತೋರಿಸಿದಳು. ಕೌದಿಯ ನಡುವೆ ಒಂದು ಬಟ್ಟಲಲ್ಲಿ ನೀರು ಇಟ್ಟಿದ್ದರು. ದಾರದ ತುದಿ ಬಿಚ್ಚಿಕೊಂಡರೆ ಬೆರಳನ್ನು ಆ ನೀರಿಗೆ ಅದ್ದಿ ಹೊಸೆಯಬೇಕು, ಬಾಯಿಗೆ ಹಚ್ಚಬಾರದು ಎಂದಳು. ಎಂಜಲಿನ ವಿಷಯ ನಮ್ಮಲ್ಲಿ ಎಲ್ಲದಕ್ಕೂ ಹೇಳುವುದೇ, ಅದಕ್ಕೂ ಹೇಳಿದಳು ಎಂದುಕೊಂಡೆ. ಕಾಕು ಊಟವಾದ ಮೇಲೆ ಎಲೆ-ಅಡಿಕೆ ಹಾಕುವವಳು. ಆದರೆ ಕೌದಿಗೆ ಕೂಡುವ ಮುಂಚೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

ಎರಡನೆಯ ರವಿವಾರ ನಾನು ಕೆಳದುಟಿಯ ಒಳಗೆ ಒಂದು ಚಿಟಿಕೆ ಇಟ್ಟುಕೊಂಡೇ ಕೂತೆ. ಸ್ವಲ್ಪವೇ, ಯಾರಿಗೂ ಗೊತ್ತಾಗುವಷ್ಟಲ್ಲ. ಹೆಂಗಸರು ಮಾತಾಡಿಸಿದರೆ ಹೂಂ, ಉಹೂಂ ಎನ್ನುತ್ತಿದ್ದೆ. ಮೂಲೆಯಲ್ಲಿ ಕೂತವನಿಗೆ ನೀರಿನ ಬಟ್ಟಲು ದೂರ. ದಾರ ಬಿಚ್ಚಿಕೊಂಡಾಗೆಲ್ಲ ದರ್ಜಿಗಳು ಮಾಡುವ ಹಾಗೆ ತುದಿಯನ್ನು ತುಟಿಗೆ ಹಚ್ಚಿ, ಹೊಸೆದು, ಪೋಣಿಸಿದೆ. ಮೇಲಿನ ಕಡೆ ಕೆಂಪು, ಹಸಿರು ಇಳಕಲ್. ಏನೂ ಕಾಣಲಿಲ್ಲ. ನಾಲ್ಕು ಸಾಲು ಮುಗಿದ ಮೇಲೆ ಕಾಕು ಕೆಳಗಿನ ಹೊಲಿಗೆ ನೋಡಲೆಂದು ಮೂಲೆ ಎತ್ತಿ ತಿರುಗಿಸಿದಳು.

ಬಿಳಿ ಧೋತರದ ಮೇಲೆ ಅಲ್ಲಲ್ಲಿ ಕಂದು ಕಲೆ ಇದ್ದವು. ನಾನು ಎಲ್ಲೆಲ್ಲಿ ಹೊಸ ದಾರ ಪೋಣಿಸಿದ್ದೆನೋ ಅಲ್ಲೆಲ್ಲ ಒಂದೊಂದು, ಕಾಚಿನ ಬಣ್ಣದ್ದು.

ಕಾಕು ನನ್ನ ಮುಖ ನೋಡಿ, ಬಾಯಲ್ಲಿ ಏನಿದೆ ಎಂದು ಕೇಳಿದಳು. ಉತ್ತರ ಹೇಳಬೇಕೆಂದರೆ ಬಾಯಿ ತೆರೆಯಬೇಕು. ತೆರೆಯಲಾಗದೆ ತಲೆ ತಗ್ಗಿಸಿ ಕೂತೆ. ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಗೋಡೆಗೆ ಒರಗಿ ಕೂತಿದ್ದ ತಂಗಿ ಕೈ ಚಾಚಿ ಆ ಮೂಲೆಯನ್ನು ಮುಟ್ಟಿದಳು.

‘ಅಣ್ಣಾ, ಕೂಸು ಮೊದಲ ಕೌದಿ ಮೂಲಿನೇ ಚೀಪ್ತದ’ ಎಂದಳು.

ಬಟ್ಟಲ ನೀರು ಯಾಕೆ ಎಂದು ನನಗೆ ಆಗ ತಿಳಿಯಿತು. ಡಾಕ್ಟರರ ಎದುರು ಕೂತಾಗ ನನಗೆ ಅಷ್ಟು ಭಯವಾಗಿರಲಿಲ್ಲ. ಆಗ ನನ್ನ ಬಾಯಿಯ ವಿಷಯ ಮಾತ್ರ ಇತ್ತು. ಎದ್ದು ಹಿತ್ತಲಿಗೆ ಹೋಗಿ ಉಗುಳಿದೆ, ಕಿಸೆಯಲ್ಲಿದ್ದ ಪುಡಿಗಳನ್ನೂ ಎಸೆದೆ, ಮೂರು ತಂಬಿಗೆ ನೀರಿನಲ್ಲಿ ಬಾಯಿ ತೊಳೆದೆ. ಇನ್ನು ನನ್ನನ್ನು ಕೂರಿಸುವುದಿಲ್ಲ ಎಂದುಕೊಂಡಿದ್ದೆ. ಪಡಸಾಲೆಗೆ ಬಂದು ನೋಡಿದರೆ ನನ್ನ ಜಾಗ ಹಾಗೇ ಖಾಲಿ ಇತ್ತು. ಕಾಕು ಒಂದು ಸಣ್ಣ ಕತ್ತರಿಯನ್ನು ನನ್ನ ಕಡೆ ಸರಿಸಿದಳು.

‘ಹಾಕಿದಾಂವಾ ನೀ. ನೀನೇ ಬಿಚ್ಚು.’

ಕೌದಿ ಬಿಚ್ಚುವುದು ಹಾಕುವುದಕ್ಕಿಂತ ನಿಧಾನದ ಕೆಲಸ. ಒಂದೊಂದೇ ಟಾಕಾ ಕತ್ತರಿಸಿ, ಹಳೆಯ ಬಟ್ಟೆ ಹರಿಯದ ಹಾಗೆ ದಾರ ಎಳೆಯಬೇಕು. ಆ ಮಧ್ಯಾಹ್ನವೆಲ್ಲ ಬಿಚ್ಚಿದೆ. ಕಲೆ ಬಿದ್ದ ಭಾಗ ಕತ್ತರಿಸಿ ತೆಗೆದು ಧೋತರದ ಇನ್ನೊಂದು ತುಂಡು ಕೂರಿಸಿದರು. ತುಟಿ ಒಣಗಿ, ತಲೆ ಹಿಡಿದಂತಾಗಿ, ಯಾರ ಮೇಲಾದರೂ ಹರಿಹಾಯಬೇಕು ಎನಿಸುತ್ತಿತ್ತು. ಕಾಕುವಿಗೆ ಅದು ತಿಳಿದಿರಬೇಕು. ಅವಳು ನನ್ನನ್ನು ಬೈಯಲಿಲ್ಲ. ಆದರೆ ಬಾಯಿಯನ್ನು ಸುಮ್ಮನಿರಲೂ ಬಿಡಲಿಲ್ಲ.

‘ನಿಮ್ಮ ಸಾಹೇಬ್ರು ದಿನಾ ಏನ್ ಮಾಡ್ತಾರ, ಅದನ್ನರ ಹೇಳು’ ಎಂದಳು. ‘ಪೂರಾ ಹೇಳು. ಹೂಂ ಅಂದ್ರ ನಡ್ಯಂಗಿಲ್ಲ.’

ನಾನು ಹೇಳಿದೆ. ಸಾಹೇಬರು ಗಂಟೆ ಬಾರಿಸುವ ಮುಂಚೆ ಕೆಮ್ಮುವುದು, ಟೈಪಿಸ್ಟ್ ಮೇಡಮ್ ಫೌಜಿನ ತಮ್ಮನಿಗೆ ಮೂರನೆಯ ಸ್ವೆಟರ್ ಹೆಣೆಯುತ್ತಿರುವುದು, ಬಸ್ಸಿನ ಹಿರಿಯರಿಗೆ ನಾನು ಚುಚ್ಚಿದ್ದು, ಎಲ್ಲ. ಹೆಂಗಸರು ನಗುತ್ತ ನಗುತ್ತ ಹೊಲಿದರು. ಎದುರು ಮನೆಯಾಕೆ, ಇಷ್ಟು ದಿನ ಇವರು ಮೂಕರು ಎಂದುಕೊಂಡಿದ್ದೆ ಎಂದಳು. ಹೀಗೆ ಮಾತಾಡುತ್ತ ಕೂತರೆ ಬಾಯಲ್ಲಿ ಏನನ್ನೂ ಇಟ್ಟುಕೊಳ್ಳಲು ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಕೈಗೆ ಕೆಲಸ ಮಾತ್ರವಲ್ಲ, ನಾಲ್ಕು ಮಂದಿಯ ನಡುವೆ ಕೂತು ಮಾಡುವ ಕೆಲಸ. ಉಲ್ಲನ್ನಿನದೂ ಕ್ರೋಶಾದ್ದೂ ತಪ್ಪಿಲ್ಲ. ನಾನು ಅವನ್ನು ಒಬ್ಬನೇ ಕೂತು ಮಾಡಿದೆ.

ಹಾಗೆ ನಾನು ಕೌದಿಯನ್ನು ಆರಿಸಿಕೊಂಡೆ. ಇಡೀ ಕೌದಿ ಕಚೇರಿಗೆ ಒಯ್ಯಲು ಆಗುವುದಿಲ್ಲ. ಅದಕ್ಕೆ ಮುಂದಿನ ಕೌದಿಗೆಂದು ಕತ್ತರಿಸಿದ ಚೌಕಗಳನ್ನು ಕೈಚೀಲದಲ್ಲಿ ಒಯ್ದು, ಬಸ್ಸಿನಲ್ಲೂ ಬೆಂಚಿನ ಮೇಲೂ ನಾಲ್ಕು ನಾಲ್ಕು ಜೋಡಿಸುತ್ತಿದ್ದೆ. ಹೊಲಿಗೆ ಶುರು ಮಾಡುವ ಮುಂಚೆ ನಳಕ್ಕೆ ಹೋಗಿ ಬಾಯಿ ಮುಕ್ಕಳಿಸಿ ಬರುವುದು ರೂಢಿಯಾಯಿತು. ತೊಳೆದ ಬಾಯಿಗೆ ಮತ್ತೆ ಗುಟಕಾ ಹಾಕಲು ಮನಸ್ಸು ಸ್ವಲ್ಪ ಹಿಂಜರಿಯುತ್ತದೆ, ಆ ಸ್ವಲ್ಪದಲ್ಲೇ ನಾನು ಸೂಜಿ ಪೋಣಿಸಿಬಿಡುತ್ತಿದ್ದೆ. ಗಂಟೆ ಬಾರಿಸಿದರೆ ಸೂಜಿಯನ್ನು ಕಾಲರಿಗೆ ಚುಚ್ಚಿ ಒಳಗೆ ಓಡುತ್ತಿದ್ದೆ. ಒಮ್ಮೆ ಸಾಹೇಬರು ನನ್ನ ಕೊರಳಿನಿಂದ ಇಳಿಬಿದ್ದ ಬಿಳಿ ದಾರವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ತಮ್ಮ ಅಂಗಿಯ ಒಂದು ಗುಂಡಿ ಸಡಿಲಾಗಿದೆ, ನೋಡುತ್ತೀಯಾ ಎಂದು ಕೇಳಿದರು.

ಆಮೇಲೆ ಒಂದು ಸಲವೂ ಮುಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಬಾಯಿಗೆ ಹಾಕಿಕೊಂಡೆ. ಎರಡು ಸಲವೂ ಮನೆಗೆ ಬಂದು ನಾನೇ ಹೇಳಿದೆ, ಆ ದಿನ ಕೌದಿಗೆ ಕೂರಲಿಲ್ಲ. ದೂರ ಕೂತು ಹೆಂಗಸರು ಹೊಲಿಯುವುದನ್ನು ನೋಡುವುದು ಬಹಳ ಬೇಸರದ ಕೆಲಸ. ಮೂರನೆಯ ಸಲ ಆಗಲಿಲ್ಲ.

ತಂಗಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹುಲಸೂರಿನ ಬೀಗರು ಬಂದರು. ತಂಗಿಯ ಅತ್ತೆ ಕೌದಿಯನ್ನು ಮೊದಲು ತಿರುಗಿಸಿ ಹಿಂಭಾಗ ನೋಡಿದಳು. ಕೌದಿ ನೋಡುವುದು ಹಾಗೆಯೇ, ಹಿಂದಿನಿಂದ. ಬೆರಳಿನಿಂದ ಸಾಲು ಹಿಡಿದುಕೊಂಡು ಬಂದವಳು ನನ್ನ ಮೂಲೆಯಲ್ಲಿ ನಿಂತಳು.

‘ಈ ಮೂಲಿ ಯಾರು ಹಾಕ್ಯಾರ?’

‘ನಮ್ಮಣ್ಣರಿ’ ಎಂದಳು ತಂಗಿ.

ಆಕೆ ಇನ್ನೊಮ್ಮೆ ಬೆರಳಾಡಿಸಿದಳು. ‘ನೆಟ್ಟಗಿಲ್ಲ. ಗಟ್ಟಿ ಅದಾವ’ ಎಂದು ಕೌದಿಯನ್ನು ತೊಟ್ಟಿಲಲ್ಲಿ ಹಾಸಿದಳು. ನಾಲ್ಕು ತಿಂಗಳಾದ ಮೇಲೆ ನೋಡಲು ಹೋದಾಗ ಕೂಸು ಮೂಲೆಯನ್ನು ಬಾಯಿಗೆ ತುರುಕಿಕೊಂಡು ಮಲಗಿತ್ತು. ನನ್ನ ಮೂಲೆಯೋ ಬೇರೆಯದೋ, ನಾನು ಹತ್ತಿರ ಹೋಗಿ ನೋಡಲಿಲ್ಲ. ಯಾವುದಾದರೂ ಸರಿಯೇ ಎಂಬಷ್ಟು ಧೈರ್ಯ ನನಗಿತ್ತು.

ಬಾಯಿ ಮೊದಲಿನ ಹಾಗೆ ಆಗಲಿಲ್ಲ. ಇದಕ್ಕಿಂತ ಹೆಚ್ಚು ತೆರೆಯಲಿಕ್ಕಿಲ್ಲ, ಆದರೆ ಕಡಿಮೆಯೂ ಆಗುವುದಿಲ್ಲ ಎಂದು ಡಾಕ್ಟರರು ಹೇಳಿದರು. ಉರಿ ಹೋಯಿತು. ರೊಟ್ಟಿಯನ್ನು ಈಗಲೂ ಸಣ್ಣ ಚೂರು ಮಾಡಿಯೇ ತಿನ್ನುತ್ತೇನೆ, ಮೆಣಸಿನಕಾಯಿ ಚಟ್ನಿಯ ಜೊತೆ. ಅದರಿಂದ ಊಟಕ್ಕೆ ಹೊತ್ತಾಗುತ್ತದೆ, ಹೆಂಡತಿಯೂ ಎದುರಿಗೆ ಅಷ್ಟು ಹೊತ್ತು ಕೂತಿರುತ್ತಾಳೆ. ಕಾಕುವಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ರವಿವಾರ ಯಾರದಾದರೂ ಕೌದಿ ಹಾಸಿದಾಗ ನಾನು ಎಲ್ಲರ ಸೂಜಿ ಪೋಣಿಸಿ, ನೀರಿನ ಬಟ್ಟಲನ್ನು ಎಲ್ಲರ ಕೈಗೆ ಎಟುಕುವ ಹಾಗೆ ನಡುವೆ ಇಟ್ಟು, ನನ್ನ ಜಾಗದಲ್ಲಿ ಕೂತುಕೊಳ್ಳುತ್ತೇನೆ. ಯಾರಾದರೂ ಒಬ್ಬರು ಕಚೇರಿಯ ಸುದ್ದಿ ಏನು ಎಂದು ಕೇಳುತ್ತಾರೆ.